ಮೂರು ಮೂಲೆಯ ಎಂಜಿನ್ ಮತ್ತು ಎಂಟು ವರ್ಷದ ವಾರಂಟಿ

ಗ್ರಾಹಕರಿಂದ ಒಂದು ಪೈಸೆ ಹೆಚ್ಚು ತೆಗೆದುಕೊಳ್ಳದೆ ಕಾರು ಕಂಪನಿಯೊಂದು ಎಂಜಿನ್ನಿನ ವಾರಂಟಿಯನ್ನು ಉದ್ದ ಮಾಡಿದರೆ ಖುಷಿಪಡಬೇಕಾ, ಹೆದರಬೇಕಾ? ಮಜ್ದಾ ಆರ್‌ಎಕ್ಸ್-8 ಎಂಬ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಎರಡೂ ಸರಿ. 2004ರಿಂದ 2008ರವರೆಗಿನ ಮಾದರಿಗಳಿಗೆ ಉತ್ತರ ಅಮೆರಿಕದಲ್ಲಿ ಕಂಪನಿ ಎಂಜಿನ್ ವಾರಂಟಿಯನ್ನು 8 ವರ್ಷ ಅಥವಾ 1,00,000 ಮೈಲಿ, ಅಂದರೆ ಸುಮಾರು 1,60,000 ಕಿ.ಮೀ.ಗೆ ವಿಸ್ತರಿಸಿತು. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಇಡೀ ಕಾರಿಗಲ್ಲ, ಎಂಜಿನ್ನಿನ ಒಳಭಾಗಕ್ಕೆ ಮಾತ್ರ. ಒಳಗೆ ಏನೋ ಬೇಗ ಸವೆಯುತ್ತಿದೆ ಎಂದು ಗೊತ್ತಾಗದೆ ಯಾವ ಕಂಪನಿಯೂ ಇಂಥ ಕಾಗದ ಕಳಿಸುವುದಿಲ್ಲ.

ನಮ್ಮ ಕಾಸರಗೋಡು ಕಡೆ ಮಜ್ದಾ ಎಂದರೆ ಈಗಲೂ ಹಳಬರಿಗೆ ನೆನಪಾಗುವುದು ಸ್ವರಾಜ್ ಮಜ್ದಾ ಲಾರಿ, ಮಿನಿಬಸ್ಸು. ಆರ್‌ಎಕ್ಸ್-8 ಇಲ್ಲಿನ ಶೋರೂಮಿಗೆ ಬಂದದ್ದೇ ಇಲ್ಲ. ಆದರೆ ಉಪ್ಪಳದಿಂದ ಕಾಞಂಗಾಡಿನವರೆಗೆ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ಹುಡುಕಬೇಕು. ಶಾರ್ಜಾದಲ್ಲಿ ಹಳೆ ಕಾರು ಮಾರುವ ಕಡೆ ಇದು ಕಣ್ಣಿಗೆ ಬೀಳುತ್ತದೆ. ನೋಡಲು ಚಂದ, ಬೆಲೆಯೂ ಕಮ್ಮಿ. ಆ ಬೆಲೆ ಕಮ್ಮಿ ಯಾಕೆ ಎನ್ನುವುದಕ್ಕೆ ಉತ್ತರ ಎಂಜಿನ್ನಿನ ಒಳಗೇ ಉಂಟು.

ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಈ ಕಾರಿನಲ್ಲಿರುವುದು ರೋಟರಿ ಎಂಜಿನ್. ಅದರಲ್ಲಿ ಪಿಸ್ಟನ್ನೇ ಇಲ್ಲ, ವಾಲ್ವೂ ಇಲ್ಲ. ಮನೆಯ ಕಡೆಯುವ ಕಲ್ಲಿನಲ್ಲಿ ಗುಂಡು ಕುಳಿಯ ಗೋಡೆಗೆ ತಾಗಿಕೊಂಡೇ ಸುತ್ತುತ್ತದಲ್ಲ, ಹಾಗೆ ಇಲ್ಲೊಂದು ಮೂರು ಮೂಲೆಯ ರೋಟರ್, ನಡು ಸ್ವಲ್ಪ ಒಳಗೆ ಒತ್ತಿದ ಉದ್ದನೆಯ ಗೂಡಿನೊಳಗೆ ಓಲಾಡುತ್ತಾ ತಿರುಗುತ್ತದೆ. ಮೂರು ಮೂಲೆಗಳೂ ಸದಾ ಗೋಡೆಗೆ ತಾಗಿಯೇ ಇರುತ್ತವೆ. ಹಾಗಾಗಿ ರೋಟರಿನ ಸುತ್ತ ಮೂರು ಕೋಣೆಗಳು. ಒಂದೊಂದು ಕೋಣೆಯೂ ಸುತ್ತು ಬರುತ್ತಾ ದೊಡ್ಡದಾಗುತ್ತದೆ, ಸಣ್ಣದಾಗುತ್ತದೆ. ಒಂದು ಕಡೆ ಪೆಟ್ರೋಲ್ ಬೆರೆತ ಗಾಳಿ ಒಳಗೆ ಬರುತ್ತದೆ, ಮುಂದೆ ಅದು ಒತ್ತಿಕೊಳ್ಳುತ್ತದೆ, ಕಿಡಿ ಬೀಳುತ್ತದೆ, ಹೊಗೆ ಹೊರಗೆ ಹೋಗುತ್ತದೆ. ರೋಟರ್ ಒಂದು ಸುತ್ತು ಬರುವಾಗ ನಡುವಿನ ಶಾಫ್ಟ್ ಮೂರು ಸುತ್ತು ಹಾಕುತ್ತದೆ.

ಎರಡು ರೋಟರಿನ ಎಂಜಿನ್ನಿನಲ್ಲಿ ಮುಖ್ಯವಾಗಿ ತಿರುಗುವ ಭಾಗಗಳು ಮೂರೇ: ಎರಡು ರೋಟರ್, ಒಂದು ಶಾಫ್ಟ್. ಅಲುಗಾಟ ಕಮ್ಮಿ, ತೂಕ ಕಮ್ಮಿ, ಶಕ್ತಿ ಜಾಸ್ತಿ. ಆರ್‌ಎಕ್ಸ್-8ರ ಎರಡು ರೋಟರಿನ ಎಂಜಿನ್ 1.3 ಲೀಟರಿನದು, ನಮ್ಮ ಸಣ್ಣ ಕಾರುಗಳಷ್ಟೇ. ಆದರೂ ಸಿಕ್ಸ್ ಸ್ಪೀಡ್ ಮ್ಯಾನುಯಲ್ ಗೇರಿನ ಕಾರಿನಲ್ಲಿ ಅದು ನಿಮಿಷಕ್ಕೆ 9000 ಸುತ್ತಿನವರೆಗೆ ಏರುತ್ತದೆ. ಓಡಿಸಿದವರು ಆ ಸದ್ದು ಮರೆಯುವುದಿಲ್ಲ. 2003ರಲ್ಲಿ ವರ್ಷದ ಅಂತಾರಾಷ್ಟ್ರೀಯ ಎಂಜಿನ್ ಪ್ರಶಸ್ತಿಯೂ ಇದಕ್ಕೇ ಬಂತು.

ತೊಂದರೆ ಇರುವುದು ಮೂಲೆಯಲ್ಲಿ. ರೋಟರಿನ ಪ್ರತಿ ಮೂಲೆಯ ಸೀಳಿನಲ್ಲಿ ಒಂದು ಪಟ್ಟಿ ಕೂತಿದೆ. ಹೆಸರು ಅಪೆಕ್ಸ್ ಸೀಲ್. ಉದ್ದ ಸುಮಾರು 80 ಮಿ.ಮೀ., ದಪ್ಪ ಬರೀ 2 ಮಿ.ಮೀ. ಕೋಣೆ ಕೋಣೆಗಳ ನಡುವಿನ ಗೋಡೆ ಎಂದರೆ ಇದೇ. ಅಡಿಕೆ ತೋಟದ ಡೀಸೆಲ್ ಪಂಪು ಹೊಗೆ ಹಾಕಲು ಶುರುಮಾಡಿದರೆ ಮೆಕ್ಯಾನಿಕ್ ‘ರಿಂಗ್ ಹೋಗಿದೆ’ ಎನ್ನುತ್ತಾನಲ್ಲ, ಆ ಪಿಸ್ಟನ್ ರಿಂಗಿನ ಕೆಲಸವನ್ನೇ ಇಲ್ಲಿ ಈ ಪಟ್ಟಿ ಮಾಡಬೇಕು. ಆದರೆ ಪಿಸ್ಟನ್ನಿಗೆ ಒಂದರ ಕೆಳಗೊಂದು ಎರಡೋ ಮೂರೋ ರಿಂಗುಗಳು ಇರುತ್ತವೆ. ಒಂದು ಸೋತರೆ ಇನ್ನೊಂದು ಸ್ವಲ್ಪ ಕಾಲ ತಡೆಯುತ್ತದೆ. ರೋಟರಿನ ಮೂಲೆಯಲ್ಲಿ ಇರುವುದು ಒಂದೇ ಪಟ್ಟಿ. ಅದೂ ಗೋಡೆಗೆ ತಾಗುವುದು ಒಂದು ಗೆರೆಯಷ್ಟು ಜಾಗದಲ್ಲಿ.

ಅದು ಎಷ್ಟು ಜೋರಾಗಿ ಉಜ್ಜುತ್ತದೆ ಎಂದು ಲೆಕ್ಕ ಹಾಕಿ ನೋಡಬಹುದು. ಶಾಫ್ಟ್ 9000 ಸುತ್ತು ಎಂದರೆ ರೋಟರ್ 3000, ಅಂದರೆ ಸೆಕೆಂಡಿಗೆ 50 ಸುತ್ತು. ಗೂಡಿನ ಒಳಗಿನ ಸುತ್ತಳತೆ ಸುಮಾರು 69 ಸೆ.ಮೀ. ಗುಣಿಸಿದರೆ ಸೆಕೆಂಡಿಗೆ ಸುಮಾರು 34 ಮೀಟರ್. ಗಂಟೆಗೆ 120 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಒಂದು ಲೋಹದ ಅಂಚು ಬಿಸಿ ಗೋಡೆಯನ್ನು ಉಜ್ಜುತ್ತಲೇ ಇರುತ್ತದೆ. ಇದು ಸರಾಸರಿ ಮಾತ್ರ. ಕೆಲವು ಜಾಗದಲ್ಲಿ ವೇಗ ಇನ್ನೂ ಹೆಚ್ಚು. ಸಾಲದ್ದಕ್ಕೆ ಪಟ್ಟಿ ಗೋಡೆಗೆ ನೇರವಾಗಿ ನಿಂತಿರುವುದಿಲ್ಲ. ಸುತ್ತು ಬರುವಾಗ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ 25 ಡಿಗ್ರಿಯಷ್ಟು ವಾಲುತ್ತದೆ.

ಇನ್ನು ಬಿಸಿ. ಪಿಸ್ಟನ್ ಎಂಜಿನ್ನಿನಲ್ಲಿ ಬೆಂಕಿ ಹತ್ತುವ ಜಾಗಕ್ಕೇ ತಣ್ಣನೆಯ ಹೊಸ ಗಾಳಿಯೂ ಬರುತ್ತದೆ. ಇಲ್ಲಿ ಹಾಗಿಲ್ಲ. ಗೂಡಿನ ಒಂದು ಬದಿಯಲ್ಲಿ ಸದಾ ಬೆಂಕಿ, ಇನ್ನೊಂದು ಬದಿಯಲ್ಲಿ ಸದಾ ತಂಪು ಗಾಳಿ. ಒಂದೇ ಗೂಡು ಒಂದು ಕಡೆ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡೆ ಕಮ್ಮಿ. ಆ ಸೊಟ್ಟ ಗೋಡೆಗೂ ಪಟ್ಟಿ ಹೊಂದಿಕೊಂಡು ಅಂಟಿರಬೇಕು.

ಈ ಪಟ್ಟಿಯ ಕಾಟ ಹೊಸದೇನೂ ಅಲ್ಲ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರ ಮೊದಲ ಎಂಜಿನ್ ಓಡಿದ್ದು 1957ರಲ್ಲಿ, ಎನ್‌ಎಸ್‌ಯು ಕಂಪನಿಯಲ್ಲಿ. ಅದೇ ಕಂಪನಿ 1967ರಲ್ಲಿ ರೋ 80 ಎಂಬ ಕಾರು ತಂದಿತು. ಮುಂದಿನ ವರ್ಷವೇ ಅದಕ್ಕೆ ಯುರೋಪಿನ ವರ್ಷದ ಕಾರು ಪ್ರಶಸ್ತಿ. ಅಷ್ಟರಲ್ಲಿ ಸೀಲುಗಳು ಸವೆಯತೊಡಗಿದ್ದವು. ವಾರಂಟಿಯಡಿ ಎಂಜಿನ್ ಬದಲಿಸಿಕೊಟ್ಟು ಕೊಟ್ಟು ಕಂಪನಿ ಸೊರಗಿತು. 1969ರಲ್ಲಿ ಅದು ಫೋಕ್ಸ್‌ವ್ಯಾಗನ್ ಕೈಗೆ ಹೋಯಿತು. ರೋ 80 ಇದ್ದವರು ರಸ್ತೆಯಲ್ಲಿ ಎದುರಾದರೆ ಬೆರಳೆತ್ತಿ ತೋರಿಸುತ್ತಿದ್ದರಂತೆ: ಎಷ್ಟು ಬೆರಳೋ ಅಷ್ಟು ಎಂಜಿನ್ ಬದಲಾಗಿದೆ ಎಂದು. ಫ್ರಾನ್ಸಿನ ಸಿಟ್ರೋಯನ್ ಇನ್ನೂ ಮುಂದೆ ಹೋಯಿತು. 1973ರಲ್ಲಿ ತಂದ ತನ್ನ ರೋಟರಿ ಕಾರು ಸೋತಾಗ, ಮಾರಿದ ಕಾರುಗಳನ್ನು ಮರಳಿ ಕೊಂಡು ಪುಡಿ ಮಾಡಲು ಹೊರಟಿತು. ವರ್ಷಗಟ್ಟಲೆ ಬಿಡಿಭಾಗ ಕೊಡುವ ತಲೆನೋವಿಗಿಂತ ಅದೇ ಅಗ್ಗ ಎನಿಸಿರಬೇಕು.

ಹಟ ಹಿಡಿದು ಉಳಿದದ್ದು ಹಿರೋಷಿಮಾದ ಮಜ್ದಾ. ಅಲ್ಲಿ ಕೆನಿಚಿ ಯಮಾಮೊಟೊ ಅವರ ಕೈಕೆಳಗೆ 47 ಎಂಜಿನಿಯರ್‌ಗಳ ತಂಡ ಕೂತಿತು. ಸೀಲ್ ನಡುಗಿ ಗೋಡೆಯ ಮೇಲೆ ಅಲೆ ಅಲೆಯಾಗಿ ಗೀರು ಬೀಳುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ದೆವ್ವದ ಉಗುರಿನ ಗುರುತು. ಏನೇನೋ ವಸ್ತು ಪ್ರಯತ್ನಿಸಿ, ಕೊನೆಗೆ ಅಲ್ಯೂಮಿನಿಯಂ ಸೇರಿಸಿದ ಕಾರ್ಬನ್ನಿನ ಸೀಲ್ ಮಾಡಿ ಗೆದ್ದರು. 1967ರಲ್ಲಿ ಕಾಸ್ಮೊ ಸ್ಪೋರ್ಟ್ ರಸ್ತೆಗೆ ಬಂತು. ಮರುವರ್ಷ ಜರ್ಮನಿಯಲ್ಲಿ ನಡೆದ 84 ಗಂಟೆಗಳ ರೇಸಿನಲ್ಲಿ ಅದು ನಾಲ್ಕನೇ ಸ್ಥಾನ ಪಡೆಯಿತು. 1991ರಲ್ಲಿ ಲ ಮಾನ್ 24 ಗಂಟೆಗಳ ರೇಸನ್ನು ಮಜ್ದಾದ ನಾಲ್ಕು ರೋಟರಿನ 787ಬಿ ಕಾರು ಗೆದ್ದಿತು. ರೋಟರಿ ಬಾಳಿಕೆ ಬರುವುದೇ ಇಲ್ಲ ಎನ್ನುವವರಿಗೆ ಇದನ್ನು ಹೇಳಬೇಕು. ಚೆನ್ನಾಗಿ ಬಿಸಿಯಾಗಿ, ಎಣ್ಣೆ ಸಿಗುತ್ತಾ, ಒಂದೇ ಸಮನೆ ಜೋರಾಗಿ ಓಡುವಾಗ ಈ ಎಂಜಿನ್ ಗಟ್ಟಿಯೇ. ಅದಕ್ಕೆ ಆಗದಿರುವುದು ನಮ್ಮ ನಿಮ್ಮ ದಿನನಿತ್ಯದ ಓಡಾಟ.

ಹೇಗೆ ಎಂದರೆ, ಸೀಲ್ ಮತ್ತು ಗೋಡೆಯ ನಡುವೆ ಎಣ್ಣೆ ಬೇಕು. ಅದಕ್ಕಾಗಿ ಒಂದು ಸಣ್ಣ ಪಂಪು ಬೇಕೆಂದೇ ಎಂಜಿನ್ ಆಯಿಲನ್ನು ಸ್ವಲ್ಪ ಸ್ವಲ್ಪ ಒಳಗೆ ಬಿಡುತ್ತದೆ. ಅದು ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ. ಆಯಿಲ್ ಕುಡಿಯುವುದು ಇಲ್ಲಿ ರೋಗವಲ್ಲ, ಅದರ ಊಟ. ಗೊತ್ತಿಲ್ಲದೆ ಸರ್ವೀಸಿಗೆ ಹೋದಾಗ ನೋಡಿದರೆ ಸಾಕು ಎಂದು ಬಿಟ್ಟವರ ಸೀಲ್ ಒಣಗುತ್ತದೆ. ಎರಡು ಸಲ ಪೆಟ್ರೋಲ್ ಹಾಕಿಸುವಾಗ ಒಂದು ಸಲವಾದರೂ ಡಿಪ್‌ಸ್ಟಿಕ್ ಎಳೆದು ನೋಡಲೇಬೇಕು.

ಇಲ್ಲೊಂದು ಕುತೂಹಲದ ಸಂಗತಿ ಇದೆ. ಮೊದಲ ಆರ್‌ಎಕ್ಸ್-8ಗಳಲ್ಲಿ ಒಂದು ರೋಟರಿಗೆ ಎಣ್ಣೆ ಬಿಡುವ ನಳಿಕೆಗಳು ಎರಡೇ. 2009ರ ಮಾದರಿಯಲ್ಲಿ ಮೂರನೆಯದು ಸೇರಿತು, ಎಣ್ಣೆಯ ಪಂಪೂ ಬದಲಾಯಿತು. ಉದ್ದ ಮಾಡಿದ ವಾರಂಟಿ 2008ಕ್ಕೆ ನಿಲ್ಲುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸೀಲಿಗೆ ಎಣ್ಣೆ ಸಾಲುತ್ತಿರಲಿಲ್ಲ ಎಂದು ನನಗಂತೂ ಅನಿಸುತ್ತದೆ.

ತಣ್ಣಗಿದ್ದಾಗ ಸ್ಟಾರ್ಟ್ ಮಾಡುವುದು ಇನ್ನೊಂದು ಪೆಟ್ಟು. ಆಗ ಎಂಜಿನ್ ಜಾಸ್ತಿ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಮಳೆ ಬಂತೆಂದು ಅಂಗಳದ ಕಾರನ್ನು ಶೆಡ್ಡಿಗೆ ತಂದು ಕೂಡಲೇ ಆಫ್ ಮಾಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ ಅಲ್ವಾ? ಆರ್‌ಎಕ್ಸ್-8ನ್ನು ಹಾಗೆ ಮಾಡಿದರೆ ಉರಿಯದ ಪೆಟ್ರೋಲ್ ಒಳಗೇ ಉಳಿದು ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ. ಪ್ಲಗ್ ಒದ್ದೆ, ಕಂಪ್ರೆಷನ್ (ಕೋಣೆಯೊಳಗೆ ಗಾಳಿ ಒತ್ತಿಕೊಳ್ಳುವ ಬಲ) ಇಲ್ಲ, ಮರುದಿನ ಕಾರು ಸ್ಟಾರ್ಟೇ ಆಗುವುದಿಲ್ಲ. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಸೆಲ್ಫ್ ಹೊಡೆಯಬೇಕು. ಹಾಗೆ ಮಾಡಿದರೆ ಪೆಟ್ರೋಲ್ ಬರುವುದು ನಿಲ್ಲುತ್ತದೆ, ಬರೀ ಗಾಳಿ ಹೋಗಿ ಒಳಗೆ ಒಣಗುತ್ತದೆ. ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್ ಸೋತರೂ ಕಷ್ಟವೇ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದು ಕಟ್ಟಿಕೊಳ್ಳುತ್ತದೆ, ಬಿಸಿ ಹಿಂದಕ್ಕೆ ಎಂಜಿನ್ನಿಗೇ ಬರುತ್ತದೆ. ಕಾಯಿಲಿನ ಖರ್ಚು ಉಳಿಸಲು ಹೋಗಿ ಎಂಜಿನ್ ಕಳೆದುಕೊಂಡವರು ಬೇಕಾದಷ್ಟು ಜನ.

ಹಾಗಾದರೆ ವಾರಂಟಿ ಎಣಿಸುವುದು ಏನನ್ನು? ವರ್ಷ ಮತ್ತು ಮೈಲಿ. ಈ ಸೀಲಿನ ಆಯುಸ್ಸನ್ನು ತೀರ್ಮಾನಿಸುವ ಮುಖ್ಯ ಸಂಗತಿಗಳು ಬೇರೆ: ಎಷ್ಟು ಸಲ ತಣ್ಣಗೆ ಸ್ಟಾರ್ಟ್ ಆಯಿತು, ಎಷ್ಟು ಸಲ ಬಿಸಿಯಾಗುವ ಮೊದಲೇ ಆಫ್ ಆಯಿತು, ಎಣ್ಣೆ ಎಷ್ಟು ಸಿಕ್ಕಿತು, ಕಾಯಿಲ್ ಸರಿ ಇತ್ತಾ. ಹೆದ್ದಾರಿಯಲ್ಲಿ 1,20,000 ಕಿ.ಮೀ. ಓಡಿದ ಕಾರು ಗಟ್ಟಿ ಇರಬಹುದು. ಪೇಟೆಯಲ್ಲಿ ಅಂಗಡಿಗೂ ಮನೆಗೂ ತಿರುಗಿ 40,000 ಓಡಿದ್ದು ಮುಗಿದಿರಬಹುದು. ಮೀಟರ್ ಕಮ್ಮಿ ಇದ್ದಷ್ಟು ಕಾರು ಒಳ್ಳೆಯದು ಎನ್ನುವ ನಮ್ಮ ಹಳೆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಂಪನಿಗೆ ಇದು ಗೊತ್ತಿಲ್ಲವೆಂದಲ್ಲ. ಆದರೆ ತಣ್ಣನೆಯ ಸ್ಟಾರ್ಟುಗಳನ್ನು ಎಣಿಸುವ ವಾರಂಟಿ ಕಾಗದವನ್ನು ಯಾರು ಓದುತ್ತಾರೆ?

ಹೊರಗಿನವರು ಮಾರುವ ವಾರಂಟಿ ಇನ್ನೊಂದು ಕಥೆ. ದುಡ್ಡು ಕೊಟ್ಟು ಕೊಳ್ಳುವ ಇಂಥ ಎಷ್ಟೋ ಕಾಗದಗಳಲ್ಲಿ ‘ಸಹಜ ಸವೆತ ಸೇರಿಲ್ಲ’ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ರೋಟರಿ ಹೆಚ್ಚಾಗಿ ಸಾಯುವುದೇ ಸವೆದು. ಅಂಥದಕ್ಕೆ ದುಡ್ಡು ಹಾಕುವುದು ಸುಮ್ನೆ ದಂಡ. ಕಂಪನಿಯ ಎಂಟು ವರ್ಷವೂ ಕಾರು ಮೊದಲು ಮಾರಾಟವಾದ ದಿನದಿಂದ ಎಣಿಕೆ. ಹಾಗಾಗಿ ಆ ಮಾದರಿಯ ಎಲ್ಲ ಕಾರುಗಳಿಗೂ ಅದು ಮುಗಿದು ವರ್ಷಗಳೇ ಆದವು.

ಶಾರ್ಜಾದಲ್ಲಿರುವ ನನ್ನ ಅಕ್ಕನ ಮಗ ಇಂಥದೇ ಒಂದು ಕಾರಿನ ಫೋಟೋ ಕಳಿಸಿ, ‘ಮಾವ, ಅಮೆರಿಕದಿಂದ ಬಂದದ್ದು, ವಾರಂಟಿಯಲ್ಲಿ ಎಂಜಿನ್ ಬದಲಾಗಿದೆಯಂತೆ, ತಕ್ಕೊಳ್ಳಬಹುದಾ?’ ಎಂದು ಕೇಳಿದ. ಬದಲಾಗಿದ್ದರೆ ಒಳ್ಳೆಯದೇ. ಆದರೆ ಆಮೇಲೆ ಹೇಗೆ ಓಡಿಸಿದ್ದಾರೆ ಎಂದು ಕಾಗದ ಹೇಳುವುದಿಲ್ಲ. ‘ಬಿಸಿ ಇರುವಾಗ ಆಫ್ ಮಾಡಿ ಕೂಡಲೇ ಸ್ಟಾರ್ಟ್ ಮಾಡಿ ನೋಡು. ಆಮೇಲೆ ಕಂಪ್ರೆಷನ್ ಟೆಸ್ಟ್ ಮಾಡಿಸು’ ಎಂದೆ. ಬಿಸಿ ಎಂಜಿನ್ ಸ್ಟಾರ್ಟ್ ಆಗಲು ತುಂಬಾ ಹೊತ್ತು ತೆಗೆದುಕೊಂಡರೆ ಅದು ಸೀಲ್ ಸೋತಿರುವುದರ ಮೊದಲ ಸೂಚನೆ.

ಟೆಸ್ಟಿನಲ್ಲಿಯೂ ಒಂದು ಮೋಸ ಉಂಟು. ಮಾಮೂಲಿ ಕಂಪ್ರೆಷನ್ ಗೇಜ್ ಮೂರು ಕೋಣೆಗಳಲ್ಲಿ ಯಾವುದು ಹೆಚ್ಚೋ ಅದನ್ನಷ್ಟೇ ಹಿಡಿದಿಡುತ್ತದೆ. ಎರಡು ಕೋಣೆ ಸತ್ತಿದ್ದರೂ ಒಂದು ಚೆನ್ನಾಗಿದ್ದರೆ ಮುಳ್ಳು ಮೇಲೆಯೇ ನಿಲ್ಲುತ್ತದೆ. ರೋಟರಿಗೆ ಅಂತಲೇ ಬೇರೆ ಮೀಟರ್ ಇದೆ. ಅದು ಒಂದೊಂದು ರೋಟರಿಗೆ ಮೂರರಂತೆ ಒಟ್ಟು ಆರು ಅಂಕಿ ಕೊಡುತ್ತದೆ. ಆರ್‌ಎಕ್ಸ್-8ಕ್ಕೆ ನಿಮಿಷಕ್ಕೆ 250 ಸುತ್ತಿನಲ್ಲಿ ಕನಿಷ್ಠ 6.9 ಕೆ.ಜಿ. ಒತ್ತಡ ಬೇಕು, ಒಂದು ಚದರ ಸೆ.ಮೀ.ಗೆ. ಅಂಕಿಗಳನ್ನು ಓದುವುದೂ ಕಷ್ಟವಲ್ಲ. ಒಂದು ಸೀಲ್ ಎರಡು ಕೋಣೆಗಳ ನಡುವಿನ ಗೋಡೆ ಎಂದೆನಲ್ಲ? ಒಂದು ಸೀಲ್ ಮುರಿದರೆ ಅಕ್ಕಪಕ್ಕದ ಎರಡು ಅಂಕಿ ಬೀಳುತ್ತವೆ, ಮೂರನೆಯದು ನಿಲ್ಲುತ್ತದೆ. ಮೂರೂ ಒಟ್ಟಿಗೆ ಇಳಿದಿದ್ದರೆ ಸೀಲ್, ಗೋಡೆ ಎಲ್ಲ ಸವೆದಿದೆ ಎಂದು ಲೆಕ್ಕ. ಪಂಪಿನ ಎಂಜಿನ್ನಿನಂತೆ ಬೋರ್ ಮಾಡಿಸಿ ದೊಡ್ಡ ರಿಂಗ್ ಹಾಕುವ ದಾರಿ ಇಲ್ಲಿಲ್ಲ. ಗೋಡೆಗೆ ಕ್ರೋಮ್ ಲೇಪ ಇರುವುದರಿಂದ ಗೂಡನ್ನೇ ಬದಲಿಸಬೇಕಾಗುತ್ತದೆ.

ಆರ್‌ಎಕ್ಸ್-8 ತಯಾರಿ 2012ರಲ್ಲಿ ನಿಂತಿತು. 2023ರಲ್ಲಿ ಮಜ್ದಾ ರೋಟರಿಯನ್ನು ಮತ್ತೆ ತಂದಿದೆ, ಎಂಎಕ್ಸ್-30 ಎಂಬ ಕಾರಿನಲ್ಲಿ. ಈ ಸಲ ಒಂದೇ ರೋಟರ್, 830 ಸಿಸಿ. ಚಕ್ರ ತಿರುಗಿಸುವುದು ವಿದ್ಯುತ್ ಮೋಟರ್. ರೋಟರಿಯದ್ದು ಬರೀ ಕರೆಂಟು ತಯಾರಿಸುವ ಕೆಲಸ. ಅಪೆಕ್ಸ್ ಸೀಲಿನ ದಪ್ಪವನ್ನು 2ರಿಂದ 2.5 ಮಿ.ಮೀ.ಗೆ ಏರಿಸಿದ್ದಾರೆ. ಅರ್ಧ ಮಿಲಿಮೀಟರ್ ಏನು ಮಹಾ ಎನಿಸಬಹುದು. ಐವತ್ತಕ್ಕೂ ಹೆಚ್ಚು ವರ್ಷ ಇದೇ ಪಟ್ಟಿಯ ಜೊತೆ ಗುದ್ದಾಡಿದವರು ಅದನ್ನು ಸುಮ್ಮನೆ ದಪ್ಪ ಮಾಡಿರಲಾರರು.

ಅಕ್ಕನ ಮಗನಿಗೆ ಆ ಮೀಟರ್ ಇರುವ ಗ್ಯಾರೇಜ್ ಸಿಕ್ಕಿತು. ಮುಂದಿನ ರೋಟರಿನ ಮೂರೂ ಅಂಕಿ ಏಳರ ಮೇಲಿದ್ದವು. ಹಿಂದಿನದರಲ್ಲಿ ಒಂದು ಏಳು, ಉಳಿದೆರಡು ಐದರ ಹತ್ತಿರ. ಮಾರುವವನಿಗೆ ಕಾಗದ ತೋರಿಸಿ, ಎಂಜಿನ್ ರಿಪೇರಿಯ ದುಡ್ಡು ಬೆಲೆಯಲ್ಲಿ ಬಿಡಿ ಎಂದು ಕೇಳಿದನಂತೆ. ಆತ ಒಪ್ಪಲಿಲ್ಲ. ಈಗ ಅಕ್ಕನ ಮಗನ ಬಳಿ ಇರುವುದು ಒಂದು ಹಳೆಯ ಕೊರೊಲ್ಲಾ. ಬದಿಯಡ್ಕದಲ್ಲಿರುವ ಅಕ್ಕನಿಗೆ ಅದರಿಂದ ಬಹಳ ಸಮಾಧಾನ, ಅವನಿಗೆ ಅಷ್ಟೇನೂ ಇಲ್ಲ.