ಸ್ಕೂಟರ್ ಪರದೆಯ ಮೇಲಿನ ಶೇ. 43 ಎಲ್ಲಿಂದ ಬಂತು?

ಪೆಟ್ರೋಲ್ ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಹೇಳಲು ಒಳಗೊಂದು ತೇಲುಬುರುಡೆ ಸಾಕು. ಅನುಮಾನ ಬಂದರೆ ಮುಚ್ಚಳ ತೆಗೆದು ಇಣುಕಿ ನೋಡಬಹುದು. ಲಿಥಿಯಂ ಬ್ಯಾಟರಿಯಲ್ಲಿ ಆ ಸೌಕರ್ಯ ಇಲ್ಲ. ಒಳಗೆ ಎಷ್ಟು ಚಾರ್ಜ್ ಉಳಿದಿದೆ ಎಂದು ನೇರವಾಗಿ ಅಳೆಯುವ ಯಾವ ಸಾಧನವೂ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಇರುವುದಿಲ್ಲ. ಅಳೆಯಲು ಸಿಗುವುದು ಮೂರೇ: ವೋಲ್ಟೇಜ್, ಕರೆಂಟ್, ಉಷ್ಣಾಂಶ. ಈ ಮೂರನ್ನಿಟ್ಟುಕೊಂಡು ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಬಿಎಂಎಸ್ ಎಂಬ ಸರ್ಕ್ಯೂಟ್ ಬೋರ್ಡ್, ಲೆಕ್ಕ ಹಾಕಿ ಒಂದು ಅಂದಾಜು ಕೊಡುತ್ತದೆ. ಪರದೆಯ ಮೇಲೆ ಕಾಣುವ ಶೇಕಡಾ ಅಂಕಿ ಅದೇ. ರಾತ್ರಿ 43 ಇದ್ದದ್ದು ಬೆಳಿಗ್ಗೆ 38 ಆಗಿದ್ದೇಕೆ, ಶೇ. 18 ಇದ್ದರೂ ಗಾಡಿ ಫ್ಲೈಓವರ್ ಹತ್ತಲು ತಿಣುಕಿದ್ದೇಕೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆ ಲೆಕ್ಕದೊಳಗೇ ಇದೆ. ಬ್ಯಾಟರಿಯನ್ನು ಹೇಗೆ ಚಾರ್ಜ್ ಮಾಡಬೇಕು ಎಂಬುದಕ್ಕೂ ಅಲ್ಲೇ ಉತ್ತರವಿದೆ.

ಮೊದಲು ಬ್ಯಾಟರಿ ಪ್ಯಾಕ್, ಅಂದರೆ ಹಲವು ಸೆಲ್‌ಗಳನ್ನು ಜೋಡಿಸಿದ ಕಟ್ಟು, ಹೇಗಿರುತ್ತದೆ ನೋಡೋಣ. ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ಸಿಗುವ 21700 ಮಾದರಿಯ ಸೆಲ್ 21 ಮಿಲಿಮೀಟರ್ ವ್ಯಾಸ, 70 ಮಿಲಿಮೀಟರ್ ಉದ್ದದ ಲೋಹದ ಕೊಳವೆ. 3.6 ವೋಲ್ಟ್, 5 ಆಂಪಿಯರ್-ಅವರ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಎಂದರೆ ಒಂದು ಸೆಲ್‌ನಲ್ಲಿ 18 ವ್ಯಾಟ್-ಅವರ್ ಶಕ್ತಿ. ಇಂಥ 12 ಸೆಲ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ 60 ಆಂಪಿಯರ್-ಅವರ್‌ನ ಒಂದು ಗುಂಪು. ಅಂಥ 14 ಗುಂಪುಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಕೂಡಿಸಿದರೆ ಸುಮಾರು 50 ವೋಲ್ಟ್. ಒಟ್ಟು 168 ಸೆಲ್, ಸುಮಾರು 3,000 ವ್ಯಾಟ್-ಅವರ್, ಅಂದರೆ 3 ಯೂನಿಟ್ ಶಕ್ತಿ. ಕಿಲೋಮೀಟರಿಗೆ 30 ವ್ಯಾಟ್-ಅವರ್ ಖರ್ಚಾದರೆ 100 ಕಿಲೋಮೀಟರ್ ಓಡುವ ಗಾಡಿ. ಮುಂದಿನ ಲೆಕ್ಕಗಳಿಗೆಲ್ಲ ಇದೇ ಪ್ಯಾಕನ್ನು ಇಟ್ಟುಕೊಳ್ಳೋಣ.

ಸುಲಭದ ದಾರಿ ವೋಲ್ಟೇಜ್ ನೋಡಿ ಹೇಳುವುದು. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್‌ಎಂಸಿ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ತೋರಿಸುತ್ತದೆ. ಶೇ. 80ರಲ್ಲಿ ಸುಮಾರು 4, ಶೇ. 20ರಲ್ಲಿ ಸುಮಾರು 3.5. ನಡುವಿನ 60 ಅಂಶಗಳಿಗೆ ಅರ್ಧ ವೋಲ್ಟ್ ಎಂದರೆ ಶೇಕಡಾ ಒಂದಕ್ಕೆ 8 ಮಿಲಿವೋಲ್ಟ್. ಬಿಎಂಎಸ್‌ನ ಚಿಪ್ ಕೆಲವೇ ಮಿಲಿವೋಲ್ಟ್ ನಿಖರತೆಯಲ್ಲಿ ಅಳೆಯಬಲ್ಲದು, ಹಾಗಾಗಿ ಇಷ್ಟು ಸಾಕು.

ಆದರೆ ಇದು ಗಾಡಿ ನಿಂತು, ಬ್ಯಾಟರಿ ತಣ್ಣಗಾಗಿ, ಒಳಗಿನ ಅಯಾನುಗಳೆಲ್ಲ ಸಮಸ್ಥಿತಿಗೆ ಬಂದ ಮೇಲಿನ ಮಾತು. ಅದಕ್ಕೆ ಅರ್ಧ ಗಂಟೆಯಿಂದ ಕೆಲವು ಗಂಟೆ ಬೇಕು. ಓಡುವಾಗ ಕಥೆಯೇ ಬೇರೆ. ಪ್ಯಾಕ್‌ನ ಒಳರೋಧ 60 ಮಿಲಿಓಮ್ ಇದ್ದು, ಏರು ಹತ್ತಲು ಮೋಟಾರ್ 60 ಆಂಪಿಯರ್ ಎಳೆದರೆ 3.6 ವೋಲ್ಟ್ ಅಲ್ಲೇ ಕುಸಿಯುತ್ತದೆ. ಆಕ್ಸಿಲರೇಟರ್ ಬಿಟ್ಟೊಡನೆ ಅದು ಮರಳಿ ಬರುತ್ತದೆ. ಬರೀ ವೋಲ್ಟೇಜ್ ನಂಬುವ ಅಗ್ಗದ ಗಾಡಿಗಳಲ್ಲಿ ಫ್ಲೈಓವರ್ ಹತ್ತುವಾಗ ಎರಡು ಕಡ್ಡಿ ಮಾಯವಾಗಿ, ಇಳಿಯುವಾಗ ಮತ್ತೆ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಸೆಲ್‌ಗಳಲ್ಲಿ ವೋಲ್ಟೇಜಿನ ದಾರಿ ನಿಂತಾಗಲೂ ಕೈಕೊಡುತ್ತದೆ. ಈ ಸೆಲ್ ಶಾಖಕ್ಕೆ ಜಗ್ಗುವುದಿಲ್ಲ, ಬೆಂಕಿಯ ಅಪಾಯ ಕಡಿಮೆ, ಹೆಚ್ಚು ಸಲ ಚಾರ್ಜ್ ಆಗುತ್ತದೆ. ನಮ್ಮ ಬಿಸಿಲಿಗೆ ಒಳ್ಳೆಯ ಆಯ್ಕೆಯೇ. ತೊಂದರೆ ಎಂದರೆ ಶೇ. 30ರಿಂದ ಶೇ. 90ರವರೆಗೂ ಅದರ ವೋಲ್ಟೇಜ್ ಹೆಚ್ಚುಕಡಿಮೆ 3.3ರಲ್ಲೇ ಕೂತಿರುತ್ತದೆ. ಇಡೀ ಹರವಿಗೆ ಸಿಗುವ ವ್ಯತ್ಯಾಸ 0.1 ವೋಲ್ಟಿಗಿಂತ ಕಡಿಮೆ. ಸಾಲದ್ದಕ್ಕೆ, ಅದೇ ಶೇ. 50ಕ್ಕೆ ಚಾರ್ಜ್ ಆಗಿ ಬಂದರೆ ಒಂದು ವೋಲ್ಟೇಜ್, ಖರ್ಚಾಗಿ ಬಂದರೆ ಇನ್ನೊಂದು. ಅಳತೆಯಲ್ಲಿ 3 ಮಿಲಿವೋಲ್ಟ್ ತಪ್ಪಿದರೂ ಅಂದಾಜು ಹಲವು ಅಂಶ ಆಚೀಚೆ ಹೋಗುತ್ತದೆ.

ಆದ್ದರಿಂದ ಎರಡನೆಯ ದಾರಿ: ಒಳಬಂದದ್ದನ್ನು ಜಮಾ, ಹೊರಹೋದದ್ದನ್ನು ಖರ್ಚು ಎಂದು ಬರೆದಿಡುವ ಅಂಗಡಿ ಲೆಕ್ಕ. ಪ್ಯಾಕ್‌ನ ಮುಖ್ಯ ತಂತಿಯಲ್ಲಿ ಷಂಟ್ ಎಂಬ ಸಣ್ಣ ಲೋಹದ ಪಟ್ಟಿ ಇರುತ್ತದೆ. ಅದರ ರೋಧ 0.1 ಮಿಲಿಓಮ್ ಎಂದುಕೊಂಡರೆ, 50 ಆಂಪಿಯರ್ ಹರಿದಾಗ ಅದರ ಎರಡು ತುದಿಗಳ ನಡುವೆ 5 ಮಿಲಿವೋಲ್ಟ್ ಕಾಣುತ್ತದೆ. ಬಿಎಂಎಸ್ ಇದನ್ನು ಸೆಕೆಂಡಿಗೆ ಹಲವು ಬಾರಿ ಓದಿ ಕೂಡಿಸುತ್ತಾ, ಕಳೆಯುತ್ತಾ ಹೋಗುತ್ತದೆ.

ಓಡುವಾಗ ಈ ವಿಧಾನ ಚೆನ್ನಾಗಿ ನಡೆಯುತ್ತದೆ. ಕರೆಂಟ್ ತೀರಾ ಕಡಿಮೆ ಇದ್ದಾಗ ಎಡವುತ್ತದೆ. ನಿಂತ ಗಾಡಿ 30 ಮಿಲಿಆಂಪಿಯರ್ ಎಳೆಯುತ್ತಿದ್ದರೆ ಷಂಟ್‌ನಲ್ಲಿ ಸಿಗುವುದು 3 ಮೈಕ್ರೋವೋಲ್ಟ್. ಅಷ್ಟು ಸಣ್ಣ ಸಂಕೇತ ಅಳತೆಯ ಗದ್ದಲದಲ್ಲೇ ಮುಳುಗಿಹೋಗುತ್ತದೆ. ಇನ್ನು ಅಳತೆಯಲ್ಲಿ ಸದಾ 50 ಮಿಲಿಆಂಪಿಯರ್ ತಪ್ಪು ಇದೆ ಎಂದುಕೊಳ್ಳಿ. ದಿನವಿಡೀ ಕೂಡಿಸುತ್ತಾ ಹೋದರೆ 1.2 ಆಂಪಿಯರ್-ಅವರ್, ಅಂದರೆ ನಮ್ಮ ಪ್ಯಾಕ್‌ನ ಶೇ. 2. ಯಾರೂ ತಿದ್ದದಿದ್ದರೆ ವಾರಕ್ಕೆ ಶೇ. 14. ಈ ವಿಧಾನದ ದೊಡ್ಡ ದೌರ್ಬಲ್ಯ ಇದು: ತಪ್ಪು ತಾನಾಗಿ ಸರಿಹೋಗುವುದಿಲ್ಲ, ಬೆಳೆಯುತ್ತಲೇ ಇರುತ್ತದೆ.

ಒಳ್ಳೆಯ ಬಿಎಂಎಸ್ ಎರಡೂ ದಾರಿಯನ್ನು ಕೂಡಿಸಿ ನಡೆಯುತ್ತದೆ. ಓಡುವಾಗ ಜಮಾ-ಖರ್ಚಿನ ಲೆಕ್ಕ, ನಿಂತಾಗ ವೋಲ್ಟೇಜಿನ ತಿದ್ದುಪಡಿ. ಯಾವ ಕ್ಷಣದಲ್ಲಿ ಯಾವುದನ್ನು ಎಷ್ಟು ನಂಬಬೇಕು ಎಂದು ತೂಗಲು ಕಾಲ್ಮನ್ ಫಿಲ್ಟರ್ ಎಂಬ ಗಣಿತ ವಿಧಾನವನ್ನು ಬಳಸುವುದುಂಟು. ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಈ ವಿಧಾನವನ್ನು ಚಂದ್ರನೆಡೆಗೆ ಹೊರಟ ಅಪೊಲೊ ನೌಕೆಗಳ ದಾರಿ ಲೆಕ್ಕಕ್ಕೂ ಬಳಸಲಾಗಿತ್ತು.

ರಾತ್ರಿಯ 43 ಬೆಳಿಗ್ಗೆ 38 ಆಗುವುದನ್ನು ಈಗ ನೋಡಿ. ನಿಂತ ಗಾಡಿಯ ಎಲೆಕ್ಟ್ರಾನಿಕ್ಸ್ 1.5 ವ್ಯಾಟ್ ತಿಂದರೂ 12 ಗಂಟೆಗೆ 18 ವ್ಯಾಟ್-ಅವರ್, ಅದು ಶೇ. 1 ಕೂಡ ಅಲ್ಲ. ಉಳಿದ ನಾಲ್ಕು ಅಂಶ ಸೋರಿಹೋಗಿಲ್ಲ. ಹಿಂದಿನ ದಿನವೇ ನಿಜವಾದ ಅಂಕಿ 39ರ ಹತ್ತಿರವಿತ್ತು. ರಾತ್ರಿ ವೋಲ್ಟೇಜ್ ನೆಲೆಗೊಂಡ ಮೇಲೆ ಬಿಎಂಎಸ್ ತನ್ನ ಲೆಕ್ಕ ತಿದ್ದಿಕೊಂಡಿತು. ಒಮ್ಮೊಮ್ಮೆ ಇಂಥ ಇಳಿತ ಕಂಡರೆ ಚಿಂತೆ ಬೇಡ. ದಿನವೂ ಅಷ್ಟೇ ಇಳಿದರೆ, ಅಥವಾ ಓಡುತ್ತಿರುವಾಗಲೇ 20ರಿಂದ 8ಕ್ಕೆ ಜಾರಿದರೆ, ಗುಂಪುಗಳ ಅಸಮತೋಲನವನ್ನು ಶಂಕಿಸಬೇಕು.

ಅಸಮತೋಲನದ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು, ಏಕೆಂದರೆ ಬ್ಯಾಟರಿ ಹಾಳಾಯಿತು ಎನ್ನುವ ಎಷ್ಟೋ ದೂರುಗಳ ಬೇರು ಇಲ್ಲಿದೆ. 14 ಗುಂಪುಗಳು ಸರಣಿಯಲ್ಲಿರುವುದರಿಂದ ಎಲ್ಲದರಲ್ಲೂ ಒಂದೇ ಕರೆಂಟ್ ಹರಿಯುತ್ತದೆ. ಯಾವುದೇ ಒಂದು ಗುಂಪು ಸುಮಾರು 3 ವೋಲ್ಟಿಗೆ ಇಳಿದರೆ, ಉಳಿದ 13ರಲ್ಲಿ ಚಾರ್ಜ್ ಇದ್ದರೂ ಬಿಎಂಎಸ್ ಕರೆಂಟ್ ಕಡಿತಗೊಳಿಸಲೇಬೇಕು. ಹಾಗೆಯೇ ಚಾರ್ಜ್ ಮಾಡುವಾಗ ಒಂದು ಗುಂಪು 4.2 ಮುಟ್ಟಿದರೆ ಎಲ್ಲವೂ ನಿಲ್ಲಬೇಕು. 13 ಗುಂಪುಗಳು 60 ಆಂಪಿಯರ್-ಅವರ್ ಹಿಡಿದು ಒಂದು ಮಾತ್ರ 55 ಹಿಡಿದರೆ ಇಡೀ ಪ್ಯಾಕ್‌ನ ಸಾಮರ್ಥ್ಯ 55. ಶೇ. 18 ತೋರಿಸುತ್ತಿದ್ದ ಗಾಡಿ ಏರಿನಲ್ಲಿ ತಿಣುಕುವುದೂ ಇದರಿಂದಲೇ: ದುರ್ಬಲ ಗುಂಪಿನ ವೋಲ್ಟೇಜ್ ಭಾರಕ್ಕೆ ಕುಸಿದು ಮಿತಿ ಮುಟ್ಟುತ್ತದೆ, ಬಿಎಂಎಸ್ ಕೂಡಲೇ ಮೋಟಾರಿಗೆ ಕೊಡುವ ಕರೆಂಟ್ ತಗ್ಗಿಸುತ್ತದೆ.

ಹುಟ್ಟಿನಿಂದಲೇ ಸಾಮರ್ಥ್ಯ ಕಡಿಮೆ ಇರುವ ಗುಂಪಿಗೆ ಮದ್ದಿಲ್ಲ. ಆದರೆ ಸಾಮರ್ಥ್ಯ ಸರಿಯಿದ್ದು ಚಾರ್ಜ್ ಮಟ್ಟವಷ್ಟೇ ಏರುಪೇರಾಗಿದ್ದರೆ ಸರಿಪಡಿಸಬಹುದು. ಹೆಚ್ಚು ತುಂಬಿದ ಗುಂಪಿನ ಚಾರ್ಜನ್ನು ಬಿಎಂಎಸ್ ಒಂದು ಸಣ್ಣ ರೆಸಿಸ್ಟರ್ ಮೂಲಕ ಶಾಖವಾಗಿ ಸುಡುತ್ತದೆ. 42 ಓಮ್ ರೆಸಿಸ್ಟರ್ ಆದರೆ 4.2 ವೋಲ್ಟಿನಲ್ಲಿ ಹರಿಯುವುದು 100 ಮಿಲಿಆಂಪಿಯರ್. ಎರಡು ಗುಂಪುಗಳ ನಡುವೆ ಶೇ. 3ರ ಅಂತರ, ಅಂದರೆ 1.8 ಆಂಪಿಯರ್-ಅವರ್ ಇದ್ದರೆ, ಅದನ್ನು ಸಮ ಮಾಡಲು 18 ಗಂಟೆ ಬೇಕು. ಹಲವು ಪ್ಯಾಕ್‌ಗಳಲ್ಲಿ ಈ ಕೆಲಸ ಬ್ಯಾಟರಿ ತುಂಬುವ ಹಂತಕ್ಕೆ ಬಂದಾಗ ಮಾತ್ರ ಶುರುವಾಗುತ್ತದೆ. ಸದಾ ಶೇ. 80ಕ್ಕೆ ಪ್ಲಗ್ ಕೀಳುವವರ, ಅಥವಾ 100 ಕಂಡ ಕ್ಷಣವೇ ಕೀಳುವವರ ಗಾಡಿಯಲ್ಲಿ ಅದಕ್ಕೆ ಸಮಯವೇ ಸಿಗುವುದಿಲ್ಲ.

ಹಾಗಿದ್ದರೆ ದಿನವೂ ನೂರಕ್ಕೆ ತುಂಬಿಸಬೇಕೆ? ಎನ್‌ಎಂಸಿ ಆದರೆ ಬೇಡ. ಹೆಚ್ಚಿನ ವೋಲ್ಟೇಜ್ ಮತ್ತು ಹೆಚ್ಚಿನ ಶಾಖ ಒಟ್ಟಿಗೆ ಸೇರಿದಾಗ ಒಳಗಿನ ಅನಗತ್ಯ ರಾಸಾಯನಿಕ ಕ್ರಿಯೆಗಳು ಚುರುಕಾಗಿ, ಮತ್ತೆಂದೂ ಬಳಕೆಗೆ ಸಿಗದಂತೆ ಲಿಥಿಯಂ ನಷ್ಟವಾಗುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಈ ಸವೆತ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಎಂಜಿನಿಯರುಗಳ ಒರಟು ಲೆಕ್ಕ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಪೂರ್ತಿ ತುಂಬಿದ ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸುವುದು ಬ್ಯಾಟರಿಗೆ ಮಾಡುವ ದೊಡ್ಡ ಅನ್ಯಾಯ. ದಿನನಿತ್ಯ 80-85, ತಿಂಗಳಿಗೊಮ್ಮೆ ನೂರು ಮಾಡಿ ರಾತ್ರಿಯಿಡೀ ಪ್ಲಗ್‌ನಲ್ಲೇ ಬಿಡುವುದು ಒಳ್ಳೆಯ ಪದ್ಧತಿ. ಎಲ್‌ಎಫ್‌ಪಿಗೆ ನಿಯಮ ಬೇರೆ: ನೂರರ ಹತ್ತಿರ ಅದರ ವೋಲ್ಟೇಜ್ ಥಟ್ಟನೆ ಏರುವುದರಿಂದ ಬಿಎಂಎಸ್‌ಗೆ ಖಚಿತ ಗುರುತು ಸಿಗುವುದು ಅಲ್ಲೇ. ಟೆಸ್ಲಾ ತನ್ನ ಎಲ್‌ಎಫ್‌ಪಿ ಕಾರುಗಳನ್ನು ವಾರಕ್ಕೊಮ್ಮೆಯಾದರೂ ನೂರಕ್ಕೆ ತುಂಬಿಸಿ ಎನ್ನುವುದು ಇದೇ ಕಾರಣಕ್ಕೆ. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ಆ ಪ್ಯಾಕ್‌ನ ಮಿತಿಗಳು ತಯಾರಕರಿಗೇ ಚೆನ್ನಾಗಿ ಗೊತ್ತು.

ಮಧ್ಯಾಹ್ನ ಓಡಿಸಿಕೊಂಡು ಬಂದು ಪ್ಲಗ್ ಹಾಕಿದರೂ ಚಾರ್ಜ್ ಶುರುವಾಗದಿದ್ದರೆ ಗಾಬರಿ ಬೇಡ. ಸೆಲ್‌ಗಳು 45 ಡಿಗ್ರಿ ದಾಟಿದ್ದರೆ ಚಾರ್ಜ್ ತಡೆಯುವುದು ಸಾಮಾನ್ಯ. ತಿಂಗಳುಗಟ್ಟಲೆ ಊರಿಗೆ ಹೋಗುವವರು ಶೇ. 50-60ರಲ್ಲಿ ನೆರಳಲ್ಲಿ ಬಿಡಿ, ಖಾಲಿ ಬಿಡಬೇಡಿ. ಸೆಲ್ ತೀರಾ ಕೆಳಗೆ ಇಳಿದರೆ ಒಳಗಿನ ತಾಮ್ರದ ಹಾಳೆ ಕರಗುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆಡೆ ಕೂತು ಒಳಗೇ ಶಾರ್ಟ್ ಆಗುವ ಅಪಾಯವಿದೆ.

ಭಾರತದ ಸ್ಕೂಟರ್ ಸ್ಟಾರ್ಟಪ್‌ಗಳ ನಿಜವಾದ ಎಂಜಿನಿಯರಿಂಗ್ ಕಾಣುವುದೂ ಇಲ್ಲೇ. ಸೆಲ್‌ಗಳು ಬಹುಪಾಲು ಚೀನಾ, ಕೊರಿಯಾದಿಂದ ಬರುತ್ತವೆ. ಪ್ಯಾಕ್, ಬಿಎಂಎಸ್, ತಂತ್ರಾಂಶದಲ್ಲಿ ವ್ಯತ್ಯಾಸ ಹುಟ್ಟುತ್ತದೆ. ಐಐಟಿ ಮದ್ರಾಸಿನ ವಿದ್ಯಾರ್ಥಿಗಳಾಗಿದ್ದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಕಟ್ಟಿದ, ಈಗ ಬೆಂಗಳೂರಿನಲ್ಲಿರುವ ಏಥರ್ ಮೊದಲು ಯೋಚಿಸಿದ್ದು ಬ್ಯಾಟರಿ ಪ್ಯಾಕ್ ಬಗ್ಗೆ, ಸ್ಕೂಟರ್ ಆಮೇಲೆ. 2022ರ ಬೇಸಿಗೆಯಲ್ಲಿ ಹಲವೆಡೆ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿ, ಅದೇ ಡಿಸೆಂಬರಿನಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ತಡವಾದರೂ ಆಗಲೇಬೇಕಿದ್ದ ಕೆಲಸ.

ಬ್ಯಾಟರಿ ಎಷ್ಟು ಸವೆದಿದೆ ಎಂದು ಮನೆಯಲ್ಲೇ ನೋಡಬಹುದು. ಪರದೆಯ 100 ಎಂದರೆ ಇಂದು ಉಳಿದಿರುವ ಸಾಮರ್ಥ್ಯದ ನೂರು, ಹೊಸದಾಗಿದ್ದಾಗಿನದಲ್ಲ. ಹಾಗಾಗಿ ಆ ಅಂಕಿಯಿಂದ ಸವೆತ ತಿಳಿಯದು. ಸಾಕೆಟ್ ಮತ್ತು ಚಾರ್ಜರ್ ನಡುವೆ ಹಾಕುವ 16 ಆಂಪಿಯರ್‌ನ ಯೂನಿಟ್ ಮೀಟರ್ ತನ್ನಿ. ಶೇ. 10ಕ್ಕೆ ಇಳಿದಾಗ ಗಾಡಿಯನ್ನು ಎರಡು ಗಂಟೆ ನಿಲ್ಲಿಸಿ, ಆಮೇಲೆ ಚಾರ್ಜರ್ ತಾನಾಗಿ ನಿಲ್ಲುವವರೆಗೆ ಬಿಡಿ. ತಳದಲ್ಲೂ ತುದಿಯಲ್ಲೂ ವೋಲ್ಟೇಜ್ ಕಡಿದಾಗಿ ಬದಲಾಗುವುದರಿಂದ ಆ ಎರಡು ಅಂಕಿಗಳನ್ನು ಹೆಚ್ಚು ನಂಬಬಹುದು. ಹೊಸ ಗಾಡಿ 3 ಯೂನಿಟ್ ತೆಗೆದುಕೊಂಡಿದ್ದು, ಎರಡು ವರ್ಷದ ಮೇಲೆ ಅದೇ ಹವೆಯಲ್ಲಿ 2.7 ತೆಗೆದುಕೊಂಡರೆ ಶೇ. 10 ಸವೆದಿದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸರ್ವಿಸ್ ಸೆಂಟರಿನಲ್ಲಿ ಗುಂಪುವಾರು ವೋಲ್ಟೇಜ್ ಕೇಳಿ ನೋಡಬೇಕು. ಎನ್‌ಎಂಸಿ ಪ್ಯಾಕ್ ಶೇ. 50ರ ಆಸುಪಾಸಿನಲ್ಲಿ ವಿಶ್ರಾಂತಿಯಲ್ಲಿದ್ದಾಗ ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ 50 ಮಿಲಿವೋಲ್ಟಿಗಿಂತ ಹೆಚ್ಚು ಅಂತರ ಇದ್ದರೆ, ಅದು ಸುಮಾರು ಶೇ. 6ರ ಏರುಪೇರು, ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬಿಡಿ. ಎಲ್‌ಎಫ್‌ಪಿಯಲ್ಲಿ ಅರ್ಧ ಚಾರ್ಜಿನ ಓದುವಿಕೆ ಏನನ್ನೂ ಹೇಳುವುದಿಲ್ಲ, ಶೇ. 10ಕ್ಕಿಂತ ಕೆಳಗೆ ಇಳಿಸಿ ಓದಿಸಬೇಕು.