ಬರೀ 30 ಅಂದರೆ ಯಾವ ನಾಣ್ಯ?

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ದಕ್ಷಿಣ ಭಾರತದ ಇಂಥ ನಿಧಿಗಳಲ್ಲಿ ಟೈಬೀರಿಯಸ್ ಚಕ್ರವರ್ತಿಯ ಒಂದು ನಾಣ್ಯ ಜಾಸ್ತಿ ಕಾಣುತ್ತದೆ. ಒಂದು ಬದಿ ಅವನ ತಲೆ. ಇನ್ನೊಂದು ಬದಿ ಕೂತಿರುವ ಹೆಂಗಸು, ಅವಳ ಆಚೀಚೆ ‘ಪಾಂಟಿಫ್ ಮ್ಯಾಕ್ಸಿಮ್’ (ಪ್ರಧಾನ ಪುರೋಹಿತ) ಎಂಬ ಬರಹ.

ಮಾರಾಟದ ಪಟ್ಟಿಗಳಲ್ಲಿ ಇದರ ಪಕ್ಕ ಹೀಗಿರುತ್ತದೆ: ಆರ್‌ಐಸಿ 30, ಆರ್‌ಎಸ್‌ಸಿ 16ಎ, ಬಿಎಂಸಿ 48, ಸಿಯರ್ 1763. ಒಂದೇ ನಾಣ್ಯಕ್ಕೆ ನಾಲ್ಕು ನಂಬರು! ನಾಲ್ಕೂ ನಾಣ್ಯಗಳನ್ನು ಪಟ್ಟಿ ಮಾಡಿದ ಬೇರೆ ಬೇರೆ ಪುಸ್ತಕದವು, ಅಷ್ಟೆ. ಬಿಎಂಸಿ ಅಂದರೆ ಬ್ರಿಟಿಷ್ ಮ್ಯೂಸಿಯಂನ ಪಟ್ಟಿ, ಸಿಯರ್ ಅನ್ನುವುದು ಪುಸ್ತಕ ಬರೆದವರ ಹೆಸರು.

ಹೆಚ್ಚು ಬಳಕೆಯಲ್ಲಿರುವುದು ಆರ್‌ಐಸಿ, ಅಂದರೆ ‘ರೋಮನ್ ಇಂಪೀರಿಯಲ್ ಕಾಯಿನೇಜ್’. 1923ರಲ್ಲಿ ಶುರುವಾದ ಇದರ ಹತ್ತನೇ ಸಂಪುಟ ಬಂದಿದ್ದು 1994ರಲ್ಲಿ. ಇಲ್ಲೊಂದು ತೊಡಕಿದೆ. ಮೊದಲ ಐದು ಸಂಪುಟಗಳಲ್ಲಿ ಚಕ್ರವರ್ತಿ ಬದಲಾದರೆ ಲೆಕ್ಕ ಮತ್ತೆ ಒಂದರಿಂದ. ಆರರಿಂದ ಒಂಬತ್ತನೇ ಸಂಪುಟದವರೆಗೆ ಟಂಕಸಾಲೆಯ ಊರು ಬದಲಾದರೆ ಹಾಗೇ. ಹಾಗಾಗಿ ಬರೀ ‘ಆರ್‌ಐಸಿ 30’ ಅನ್ನುವುದು, ಬಡಾವಣೆಯ ಹೆಸರು ಹೇಳದೆ ‘ಮೂರನೇ ಕ್ರಾಸ್’ ಅಂದ ಹಾಗೆ. ಯಾವ ಆಟೋದವರು ಬರ್ತಾರೆ ಹೇಳಿ? ‘ಸಂಪುಟ 1, ಟೈಬೀರಿಯಸ್ 30’ ಅನ್ನಬೇಕು.

ಆರ್‌ಎಸ್‌ಸಿ (‘ರೋಮನ್ ಸಿಲ್ವರ್ ಕಾಯಿನ್ಸ್’) ಪುಸ್ತಕದ 16ಎ ನಂಬರಿನ ಕತೆ ಬೇರೆ. ಅದರ ಮೂಲ 19ನೇ ಶತಮಾನದ ಫ್ರೆಂಚ್ ವಿದ್ವಾಂಸ ಆನ್ರಿ ಕೊಯೆನ್ ಮಾಡಿದ ಪಟ್ಟಿ. ಆತ ಪ್ರತಿ ಚಕ್ರವರ್ತಿಯ ನಾಣ್ಯಗಳನ್ನು ಹಿಂಬದಿಯ ಬರಹದ ಅಕ್ಷರ ಕ್ರಮದಲ್ಲಿ ಜೋಡಿಸಿದ. ಕೈಯಲ್ಲಿ ನಾಣ್ಯ ಹಿಡಿದವರಿಗೆ ಹುಡುಕಲು ಇದೇ ಸಲೀಸು ಅಂತ ನನಗನ್ನಿಸುತ್ತದೆ. ಆದರೆ ಯಾವುದು ಮೊದಲು ಟಂಕಿಸಿದ್ದು, ಯಾವುದು ಆಮೇಲಿನದು ಅನ್ನುವುದು ಅದರಿಂದ ತಿಳಿಯುವುದಿಲ್ಲ.

ಚಕ್ರವರ್ತಿಗಳಿಗೂ ಮುಂಚಿನ ರೋಮನ್ ಗಣರಾಜ್ಯದ ಕಾಲದ ನಾಣ್ಯಗಳಿಗೆ ವಿದ್ವಾಂಸ ಮೈಕಲ್ ಕ್ರಾಫರ್ಡ್ ಮಾಡಿದ 1974ರ ಪಟ್ಟಿ ಇದೆ. ಸೀಸರ್‌ನ ಕೊಲೆಯ ನೆನಪಿಗೆ ಬ್ರೂಟಸ್ ಹೊರಡಿಸಿದ, ಎರಡು ಕಠಾರಿಗಳ ಬೆಳ್ಳಿ ನಾಣ್ಯ ಅದರಲ್ಲಿ 508/3. ಓರೆಗೆರೆಗೆ ಮುಂಚಿನದು ಒಟ್ಟಿಗೆ ಹೊರಡಿಸಿದ ನಾಣ್ಯಗಳ ಗುಂಪಿನ ನಂಬರು, ಆಮೇಲಿನದು ಅದರೊಳಗಿನ ಬಗೆ.

ಇನ್ನೊಂದು ವಿಷಯ. ಈ ನಂಬರು ಒಂದು ಬಗೆಯ ಎಲ್ಲ ನಾಣ್ಯಗಳಿಗೆ ಸೇರಿದ್ದು, ಬಿಡಿ ನಾಣ್ಯಕ್ಕಲ್ಲ. ಸಾವಿರ ನಾಣ್ಯಗಳಿಗೂ ಅದೇ 30 ಇರಬಹುದು.

ಪುಸ್ತಕ ಪರಿಷ್ಕಾರವಾದರೆ ನಂಬರೂ ಬದಲಾಗುತ್ತದೆ. ಯಹೂದಿಗಳ ನಾಡು ಜುಡೇಯಾ ಸೋತಿದ್ದನ್ನು ಸಾರುವ, ಚಕ್ರವರ್ತಿ ವೆಸ್ಪಾಸಿಯನ್‌ನ ಬೆಳ್ಳಿ ನಾಣ್ಯ ಹಳೆಯ ಆರ್‌ಐಸಿಯಲ್ಲಿ 15 ಆಗಿತ್ತು. 2007ರ ಆವೃತ್ತಿಯಲ್ಲಿ ಅದು 2. ಹಳೆಯ ಲೇಬಲ್ ನಂಬಿ ಹೊಸ ಪುಸ್ತಕದಲ್ಲಿ 15 ಹುಡುಕಿದರೆ ಬೇರೆಯದೇ ನಾಣ್ಯ ಎದುರಾಗುತ್ತದೆ.