ಬೆಳಗಿನ ಬಿಗಿತ, ಸಂಜೆಯ ಅನುಮಾನ

ಮದುವೆಯಾದ ಎರಡನೇ ವರ್ಷ, ನನಗಾಗ 26. ಬೆಳಗ್ಗೆ ಏಳಬೇಕೆಂದರೆ ಮೊದಲು ಮಗ್ಗುಲಾಗಿ, ಮಂಚದ ಅಂಚು ಹಿಡಿದು, ಒಂದೊಂದೇ ಕಾಲು ಕೆಳಗಿಟ್ಟು, ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗಬೇಕಿತ್ತು. ಬಗ್ಗಿ ಮುಖ ತೊಳೆಯಲು ಆಗದೆ ಚೊಂಬಿನ ನೀರನ್ನು ನಿಂತೇ ಎರಚಿಕೊಳ್ಳುತ್ತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಮೈ ಸಡಿಲವಾಗುತ್ತಿತ್ತು. ಸಂಜೆ ಚೀಲ ಹಿಡಿದು ಸಂತೆಗೂ ಹೋಗಿಬರುತ್ತಿದ್ದೆ. "ರೊಟ್ಟಿ ತಟ್ಟೋ ಹೊತ್ತಿಗೆ ಸೊಂಟ ಹಿಡ್ಕೊಳ್ಳುತ್ತೆ, ಸಂತೆ ಹೊತ್ತಿಗೆ ಬಿಟ್ಟುಬಿಡುತ್ತೆ" ಎಂದು ಅತ್ತೆ ಯಾರಿಗೋ ಹೇಳಿದ್ದು ಅಡುಗೆಮನೆಯಿಂದ ಕೇಳಿಸಿತ್ತು. ಅವರು ಕಂಡದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಅವರು ನೆಪ ಅಂದುಕೊಂಡದ್ದೇ ನನ್ನ ಕಾಯಿಲೆಯ ಗುರುತು ಎಂದು ಗೊತ್ತಾಗಲು ಆರು ವರ್ಷ ಹಿಡಿಯಿತು.

ಕಾಯಿಲೆಯ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನುಮೂಳೆಯ ಮತ್ತು ಸೊಂಟದ ಕೀಲುಗಳ ಉರಿಯೂತ. ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ ಶುರುವಾಗುತ್ತದೆ, 45 ದಾಟಿದ ಮೇಲೆ ಹೊಸದಾಗಿ ಬರುವುದು ಅಪರೂಪ. ಭಾರ ಎತ್ತಿ ಉಳುಕಿದ ಸೊಂಟ ಮಲಗಿದರೆ ಹಿತವಾಗುತ್ತದೆ, ಓಡಾಡಿದರೆ ಹೆಚ್ಚುತ್ತದೆ. ಇದು ತದ್ವಿರುದ್ಧ. ಮಲಗಿದಷ್ಟೂ ಸೆಟೆದುಕೊಳ್ಳುತ್ತದೆ, ನಡೆದಾಡಿದಷ್ಟೂ ಬಿಡುತ್ತದೆ. ಬೆಳಗಿನ ಜಾವ ಮೂರು ನಾಲ್ಕಕ್ಕೆ ನೋವೇ ಎಬ್ಬಿಸಿ ಕೂರಿಸುತ್ತದೆ. ಒಂದು ವಾರ ಬಲಗಡೆಯ ಪಿರ್ರೆಯಲ್ಲಿ ಆಳವಾಗಿ ನೋಯುತ್ತದೆ, ಇನ್ನೊಂದು ವಾರ ಎಡಗಡೆ. ಹೀಗೆ ಜಾಗ ಬದಲಿಸುವ ನೋವನ್ನು ಯಾರು ತಾನೇ ನಂಬುತ್ತಾರೆ?

ದೇಹದೊಳಗೆ ನಡೆಯುತ್ತಿರುವುದನ್ನು ನೋಡಿದರೆ ಇದೆಲ್ಲಕ್ಕೂ ಲೆಕ್ಕ ಸಿಗುತ್ತದೆ. ಬೆನ್ನುಮೂಳೆಯ ಬುಡ ಸೊಂಟದ ಮೂಳೆಗಳಿಗೆ ಕೂಡುವಲ್ಲಿ ಎಡಕ್ಕೊಂದು ಬಲಕ್ಕೊಂದು ಕೀಲುಗಳಿವೆ. ಅಲ್ಲಿ ಗಟ್ಟಿ ನಾರಿನ ಪಟ್ಟಿಗಳು ಮೂಳೆಗೆ ಬೇರುಬಿಟ್ಟಂತೆ ಅಂಟಿಕೊಂಡಿರುತ್ತವೆ. ಸೋಂಕಿನ ವಿರುದ್ಧ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆ ಈ ಬೇರುಗಳ ಮೇಲೆಯೇ ತಿರುಗಿಬೀಳುತ್ತದೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-17 ಎಂಬ ರಾಸಾಯನಿಕ ಸಂದೇಶಗಳು ಉರಿಯೂತವನ್ನು ಹಬ್ಬಿಸುತ್ತವೆ, ನರದ ತುದಿಗಳು ಕೆರಳುತ್ತವೆ. ಉರಿಯೂತವನ್ನು ಹತ್ತಿಕ್ಕುವ ನಮ್ಮದೇ ಹಾರ್ಮೋನು ಕಾರ್ಟಿಸಾಲ್ ನಡುರಾತ್ರಿಯ ಹೊತ್ತಿಗೆ ತೀರಾ ಇಳಿದಿರುತ್ತದೆ. ಸಾಲದ್ದಕ್ಕೆ ಗಂಟೆಗಟ್ಟಲೆ ಅಲುಗಾಡದೆ ಮಲಗಿರುತ್ತೇವೆ. ಬೆಳಗಾಗುವ ಹೊತ್ತಿಗೆ ಬೆನ್ನು ಹಲಗೆಯಾಗಿರುತ್ತದೆ. ಸಂತೆಯ ಹೊತ್ತಿಗೆ ನಾನು ಸಲೀಸಾಗಿ ನಡೆಯುತ್ತಿದ್ದುದಕ್ಕೆ ಕಾರಣ, ಅಷ್ಟರೊಳಗೆ ಏಳೆಂಟು ಗಂಟೆ ಓಡಾಡಿ ಮುಗಿಸಿರುತ್ತಿದ್ದುದು.

ಆಸ್ಪತ್ರೆಗಳಿಗೆ ಹೋಗಲಿಲ್ಲವೆಂದಲ್ಲ. ಎಕ್ಸ್‌ರೇ ತೆಗೆಸಿದೆ, ನಾರ್ಮಲ್. ರಕ್ತ ಪರೀಕ್ಷೆ, ಅದೂ ನಾರ್ಮಲ್. "ಏನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬೇಡಿ" ಎಂದು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ಇನ್ನೊಬ್ಬರು ಒಂದು ಮಗುವಾದರೆ ಸರಿಹೋಗುತ್ತದೆ ಎಂದರು. ಆ ಫಿಲ್ಮನ್ನು ಕವರಿನೊಳಗೆ ಹಾಕಿಕೊಂಡು ಬಸ್ಸಿನಲ್ಲಿ ಬರುವಾಗ, ನಿಜವಾಗಿಯೂ ನಾನೇ ಇದನ್ನೆಲ್ಲ ಕಲ್ಪಿಸಿಕೊಳ್ಳುತ್ತಿದ್ದೇನಾ ಎಂದು ನನಗೇ ಸಂಶಯ ಬಂದಿತ್ತು. ಬೇರೆಯವರು ನಂಬದಿರುವುದನ್ನು ತಡೆದುಕೊಳ್ಳಬಹುದು. ನಮ್ಮ ಮೈಯನ್ನು ನಾವೇ ನಂಬದಂತಾಗುವುದಿದೆಯಲ್ಲ, ಅದು ನೋವಿಗಿಂತ ಕಷ್ಟ.

ಎಕ್ಸ್‌ರೇಗೆ ಕಾಣುವುದು ಮೂಳೆ. ಈ ಕಾಯಿಲೆಯಲ್ಲಿ ಮೊದಲು ಬರುವುದು ಉರಿಯೂತ, ಮೂಳೆಯ ಬದಲಾವಣೆ ಕಾಣಿಸಲು ವರ್ಷಗಳೇ ಬೇಕು. ಉರಿಯೂತ ಮೂಳೆಯನ್ನು ಕೊರೆಯುತ್ತದೆ. ದೇಹ ಅದನ್ನು ದುರಸ್ತಿ ಮಾಡುವ ಭರದಲ್ಲಿ ಬೇಡದ ಕಡೆಯೂ ಹೊಸ ಮೂಳೆ ಬೆಳೆಸುತ್ತದೆ. ಕೆಲವರಲ್ಲಿ ಬೆನ್ನುಮೂಳೆಯ ಒಂದು ಮಣಿಯಿಂದ ಮುಂದಿನದಕ್ಕೆ ಸೇತುವೆ ಕಟ್ಟಿದಂತಾಗಿ ಇಡೀ ಬೆನ್ನು ಗಣ್ಣು ಗಣ್ಣಿನ ಬಿದಿರಿನ ಹಾಗೆ ಒಂದಾಗಿಬಿಡುತ್ತದೆ. ರೇಡಿಯಾಲಜಿಯವರ ಭಾಷೆಯಲ್ಲೂ ಅದಕ್ಕೆ ಬಿದಿರಿನ ಬೆನ್ನು ಎಂದೇ ಹೆಸರು. ಅಂದರೆ ಎಕ್ಸ್‌ರೇ ಸಾಕ್ಷಿ ಹೇಳುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಎಂಆರ್‌ಐ ಹಾಗಲ್ಲ, ಉರಿಯೂತದಿಂದ ಮೂಳೆಯೊಳಗೆ ಸೇರಿಕೊಂಡ ನೀರಿನಂಶವನ್ನು ಮೊದಲೇ ತೋರಿಸಬಲ್ಲದು.

ವೈದ್ಯಶಾಸ್ತ್ರವೂ ಇಲ್ಲಿ ನಿಧಾನವಾಗಿಯೇ ಬದಲಾಯಿತು. 1984ರ ನ್ಯೂಯಾರ್ಕ್ ಮಾನದಂಡದ ಪ್ರಕಾರ ಎಕ್ಸ್‌ರೇಯಲ್ಲಿ ಕೀಲು ಕೆಟ್ಟಿರುವುದು ಕಂಡರೆ ಮಾತ್ರ ಅದು ಖಚಿತ ರೋಗ. ಎಂಆರ್‌ಐ ಪುರಾವೆಯನ್ನೂ ಒಪ್ಪುವ ಹೊಸ ಮಾನದಂಡ ಬಂದದ್ದು 2009ರಲ್ಲಿ. ನಡುವಿನ 25 ವರ್ಷ ಎಷ್ಟು ಜನ ನಾರ್ಮಲ್ ರಿಪೋರ್ಟ್ ಹಿಡಿದು ಮನೆಗೆ ಮರಳಿರಬಹುದು ಎಂದು ಯೋಚಿಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೆಂಗಸರ ಪಾಡು ಇನ್ನೂ ಕಷ್ಟ. ಇದು ಗಂಡಸರ ಕಾಯಿಲೆ ಎಂದೇ ಬಹಳ ಕಾಲ ನಂಬಲಾಗಿತ್ತು. ಹೆಂಗಸರಲ್ಲಿ ಮೂಳೆ ಬೆಸೆದುಕೊಳ್ಳುವುದು ಕಡಿಮೆ, ನೋವು ಮಾತ್ರ ಕಡಿಮೆಯಿರುವುದಿಲ್ಲ. ನೋವು ಶುರುವಾದ ಮೇಲೆ ರೋಗ ಪತ್ತೆಯಾಗಲು ಸರಾಸರಿ ಆರೇಳು ವರ್ಷ ಹಿಡಿಯುತ್ತದೆ, ಹೆಂಗಸರಿಗೆ ಅದಕ್ಕಿಂತ ಹೆಚ್ಚು.

ಕೊನೆಗೆ ಒಬ್ಬ ರುಮಟಾಲಜಿಸ್ಟ್, ಅಂದರೆ ಕೀಲುಗಳ ಉರಿಯೂತದ ತಜ್ಞರು, ನನ್ನ ಫೈಲನ್ನು ಮುಟ್ಟದೆ ಪಕ್ಕಕ್ಕಿಟ್ಟು ಕೇಳಿದರು: "ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಗುತ್ತಮ್ಮ?" ಆರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಉತ್ತರ ಹೇಳಲು ಗಂಟಲು ಕಟ್ಟಿತು. ಆಮೇಲೆ ನಿಲ್ಲಿಸಿ, ಸೊಂಟದ ಗುಳಿಗಳ ಮಟ್ಟದಲ್ಲಿ ಬಾಲ್‌ಪೆನ್ನಿನಿಂದ ಒಂದು ಗೆರೆ, ಅದಕ್ಕೆ 10 ಸೆಂಟಿಮೀಟರ್ ಮೇಲೆ ಇನ್ನೊಂದು ಗೆರೆ ಎಳೆದರು. "ಮಂಡಿ ಮಡಚದೆ ಬಗ್ಗಿ." ಆರೋಗ್ಯವಂತರ ಬೆನ್ನಿನಲ್ಲಿ ಆ ಅಂತರ ಹಿಗ್ಗಿ ಸುಮಾರು 15 ಆಗುತ್ತದೆ. ನನ್ನದು ಹನ್ನೆರಡೂವರೆಗೇ ನಿಂತಿತು. ಪಾಲ್ ಷೋಬರ್ ಎಂಬ ಜರ್ಮನ್ ವೈದ್ಯ 1937ರಲ್ಲಿ ಹೇಳಿಕೊಟ್ಟ ಪರೀಕ್ಷೆಯಿದು. ಬೇಕಾದದ್ದು ಒಂದು ಪೆನ್ನು, ಒಂದು ಟೇಪು. ಆಮೇಲೆ ಎಂಆರ್‌ಐ ಉಳಿದದ್ದನ್ನು ಹೇಳಿತು.

ಎಚ್‌ಎಲ್‌ಎ-ಬಿ27 ಎಂಬ ಜೀನಿಗೂ ಈ ರೋಗಕ್ಕೂ ಇರುವ ನಂಟನ್ನು 1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸ್‌ನ ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದವು. ಜೀನು ಇದ್ದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ, ಇಲ್ಲದವರಿಗೂ ಬರಬಹುದು. ಆದ್ದರಿಂದ ಬರೀ ರಕ್ತದ ಚೀಟಿ ನೋಡಿ ತೀರ್ಮಾನಿಸಲಾಗದು, ರೋಗಿಯ ಮಾತನ್ನು ಕೇಳಲೇಬೇಕು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಾಗುತ್ತಿದೆ ಎಂದು ಒಬ್ಬರು ಹೇಳಿದರೆ ಅದನ್ನು ಗೌರವಿಸಬೇಕು ಎಂದು ಟಿಪ್ಪಣಿಯಲ್ಲಿ ಸೇರಿಸಿತು. ಅದನ್ನು ಓದಿದ ದಿನ ನಾನು ಅತ್ತುಬಿಟ್ಟೆ.

ಔಷಧ ಇದೆ. ಉರಿಯೂತ ತಗ್ಗಿಸುವ ಮಾತ್ರೆ ಮತ್ತು ದಿನನಿತ್ಯದ ವ್ಯಾಯಾಮ ಮೊದಲು. ಅದು ಸಾಲದವರಿಗೆ ಟಿಎನ್‌ಎಫ್ ಅನ್ನು ತಡೆಯುವ ಚುಚ್ಚುಮದ್ದುಗಳಿವೆ. ಅವುಗಳಲ್ಲೊಂದಾದ ಅಡಲಿಮುಮಾಬ್ 2014ರಿಂದ ನಮ್ಮ ದೇಶದಲ್ಲೇ ತಯಾರಾಗುತ್ತಿದೆ. ಶುರುಮಾಡುವ ಮುಂಚೆ ಅಡಗಿರುವ ಕ್ಷಯ ಇದೆಯೇ ಎಂದು ಪರೀಕ್ಷಿಸಲೇಬೇಕು. ಕಣ್ಣು ಕೆಂಪಾಗಿ ನೋಯುತ್ತಾ ಬೆಳಕು ಚುಚ್ಚಿದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು, ಅದೂ ಇದೇ ಕಾಯಿಲೆಯ ಇನ್ನೊಂದು ಮುಖ.

ಅಂಗವೈಕಲ್ಯದ ಪ್ರಮಾಣಪತ್ರಕ್ಕೂ ಹೋಗಿದ್ದೆ. 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಬೇಕು. ಸರದಿ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ಬೆಳಗಿನಿಂದ ಬಸ್‌ಸ್ಟ್ಯಾಂಡು, ಮೆಟ್ಟಿಲು, ಸಾಲು ಎಂದು ನಡೆದು ನಡೆದು ಕೀಲುಗಳೆಲ್ಲ ಬಿಟ್ಟುಕೊಂಡಿದ್ದವು. ಅಳೆದರು. 40 ಮುಟ್ಟಲಿಲ್ಲ. ಬೆಳಗ್ಗೆ ಐದಕ್ಕೆ ಮನೆಗೆ ಬಂದು ಅಳೆಯಿರಿ ಎಂದು ಯಾರಿಗೆ ಹೇಳುವುದು?

ಈಗ ನಾಲ್ಕಕ್ಕೇ ಏಳುತ್ತೇನೆ. ಬೆನ್ನಿಗೆ ಬಿಸಿನೀರು ಸುರಿದುಕೊಂಡು, ಚಾಪೆಯ ಮೇಲೆ ಮುಕ್ಕಾಲು ಗಂಟೆ ಮೈ ಬಾಗಿಸಿ, ಎಂಟಕ್ಕೆ ಮೆಟ್ಟಿಲಿಳಿದು ಕೆಲಸಕ್ಕೆ ಹೊರಡುತ್ತೇನೆ. "ಆರಾಮಾಗಿದ್ದೀರಲ್ಲ, ಏನೂ ಇಲ್ವಲ್ಲ ಈಗ" ಎನ್ನುತ್ತಾರೆ ಕೆಳಗಿನ ಮನೆಯವರು. ಮೊದಲಾದರೆ ನಕ್ಕು ಹೋಗುತ್ತಿದ್ದೆ. ಈಗ ಒಂದು ನಿಮಿಷ ನಿಂತು, ನಾಲ್ಕರಿಂದ ಎಂಟರವರೆಗೆ ಏನೇನು ಮಾಡಿದೆ ಎಂದು ಹೇಳುತ್ತೇನೆ.